ಚಿತ್ರ ಸಂಕೋಚನದಲ್ಲಿ ದಿಶಾತ್ಮಕ ವೇವ್‌ಲೆಟ್ ಪರಿವರ್ತನೆ

ದಿಶಾತ್ಮಕ ವೇವ್‌ಲೆಟ್ ಪರಿವರ್ತನೆ ಎಂಬುದು ಡಿಜಿಟಲ್ ಚಿತ್ರದಲ್ಲಿರುವ ಅಂಚು, ಗೆರೆ, ಮಡಿಕೆಗಳು ಸಾಗುವ ದಿಕ್ಕನ್ನೇ ಹಿಡಿದು ಚಿತ್ರವನ್ನು ಬಿಡಿಸುವ ಗಣಿತ ವಿಧಾನಗಳ ಕುಟುಂಬ. ಸಾಮಾನ್ಯ ವೇವ್‌ಲೆಟ್ ಪರಿವರ್ತನೆ ಚಿತ್ರವನ್ನು ಅಡ್ಡಸಾಲು ಮತ್ತು ಕಂಬಸಾಲುಗಳ ಮೂಲಕ ಮಾತ್ರ ನೋಡುತ್ತದೆ. ನೇಯ್ಗೆಯ ಮಾತಿನಲ್ಲಿ ಹೇಳುವುದಾದರೆ ಅದಕ್ಕೆ ಹಾಸು ಗೊತ್ತು, ಹೊಕ್ಕು ಗೊತ್ತು. ಬಟ್ಟೆಯ ಮೇಲೆ ಓರೆಯಾಗಿ ಬಿದ್ದ ನೆರಿಗೆ ಗೊತ್ತಾಗುವುದಿಲ್ಲ. ಓರೆ ಗೆರೆಯೊಂದು ಅದರ ಕಣ್ಣಿಗೆ ನೂರಾರು ಬಿಡಿ ಚುಕ್ಕೆಗಳಾಗಿ ಬೀಳುತ್ತದೆ, ಆ ಒಂದೊಂದು ಚುಕ್ಕೆಯನ್ನೂ ಬರೆದಿಡಲು ಬಿಟ್‌ಗಳು ಖರ್ಚಾಗುತ್ತವೆ. ಈ ಖರ್ಚನ್ನು ತಗ್ಗಿಸುವುದು ದಿಶಾತ್ಮಕ ವಿಧಾನಗಳ ಗುರಿ. 1990ರ ದಶಕದ ಕೊನೆಯಿಂದ ಸುಮಾರು ಒಂದು ದಶಕ ಕಾಲ ಗಣಿತಜ್ಞರೂ ಎಂಜಿನಿಯರರೂ ಈ ಸಮಸ್ಯೆಯನ್ನು ಎರಡು ಕಡೆಯಿಂದ ಕೊರೆದರು. ಗಣಿತದ ಕಡೆಯಿಂದ ಬಂದ ಉತ್ತರ ಹೆಚ್ಚು ಸುಂದರವಾದದ್ದು. ಬಿಟ್‌ಗಳನ್ನು ನಿಜವಾಗಿ ಉಳಿಸಿದ್ದು ಎಂಜಿನಿಯರರ ಸರಳ ಉತ್ತರ.

ಸಂಕೋಚನದ ಹೆಜ್ಜೆಗಳು

512 ಅಡ್ಡಸಾಲು, 512 ಕಂಬಸಾಲುಗಳ ಒಂದು ಕಪ್ಪುಬಿಳುಪು ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೆ 8 ಬಿಟ್‌ನಂತೆ 2,62,144 ಬೈಟ್‌ಗಳಿರುತ್ತವೆ. ಇವುಗಳಲ್ಲಿ ಬಹುಪಾಲು ಒಂದೇ ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತವೆ. ಆಕಾಶದ ಒಂದು ಪಿಕ್ಸೆಲ್‌ನ ಪಕ್ಕದಲ್ಲಿ ಸಾಮಾನ್ಯವಾಗಿ ಇರುವುದು ಆಕಾಶದ್ದೇ ಇನ್ನೊಂದು ಪಿಕ್ಸೆಲ್. ಪಕ್ಕಪಕ್ಕದ ಬೆಲೆಗಳ ನಡುವಿನ ಈ ನಂಟನ್ನು ಕಳಚಿ, ಚಿತ್ರದ ಸಾರವನ್ನು ಕೆಲವೇ ದೊಡ್ಡ ಸಂಖ್ಯೆಗಳಿಗೆ ಇಳಿಸಿ, ಉಳಿದವನ್ನು ಸೊನ್ನೆಯ ಹತ್ತಿರಕ್ಕೆ ತರುವ ಹೆಜ್ಜೆಗೆ ಪರಿವರ್ತನೆ ಎಂದು ಹೆಸರು. ಹೀಗೆ ದೊರೆತ ಸಂಖ್ಯೆಗಳು ಗುಣಾಂಕಗಳು. ಎರಡನೆಯ ಹೆಜ್ಜೆಯಾದ ಕ್ವಾಂಟೈಸೇಷನ್‌ನಲ್ಲಿ ಗುಣಾಂಕಗಳನ್ನು ನಿಗದಿತ ಮೆಟ್ಟಿಲುಗಳಿಗೆ ದುಂಡಾಗಿಸಲಾಗುತ್ತದೆ. ಚಿತ್ರದ ಗುಣಮಟ್ಟ ನಷ್ಟವಾಗುವುದು ಇಲ್ಲಿ ಮಾತ್ರ. ಮೂರನೆಯದರಲ್ಲಿ ಪದೇ ಪದೇ ಬರುವ ಬೆಲೆಗಳಿಗೆ ಚಿಕ್ಕ ಸಂಕೇತ, ಅಪರೂಪದವಕ್ಕೆ ಉದ್ದ ಸಂಕೇತ ಕೊಟ್ಟು ಬರೆಯಲಾಗುತ್ತದೆ. ಪರಿವರ್ತನೆ ಎಷ್ಟು ಹೆಚ್ಚು ಸೊನ್ನೆಗಳನ್ನು ಹುಟ್ಟಿಸಬಲ್ಲದು ಎಂಬುದರ ಮೇಲೆ ಉಳಿದೆರಡು ಹೆಜ್ಜೆಗಳ ಲಾಭ ನಿಂತಿದೆ.

ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಚಿತ್ರ ಪರಿವರ್ತನೆಯಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ಡಿಸಿಟಿ, ಕನ್ನಡನಾಡಿಗೆ ನೇರವಾಗಿ ಸೇರಿದ ಕಥೆ. ಅದನ್ನು ರೂಪಿಸಿದ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ವಿಚಾರಕ್ಕಾಗಿ ಅವರು ಕೇಳಿದ ಧನಸಹಾಯ ಸಿಗಲಿಲ್ಲ. ಆದರೂ ಬಿಡದೆ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನಕ ಇದೇ ಪರಿವರ್ತನೆಯ ಮೇಲೆ ನಿಂತಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕವನ್ನೂ ಬೇರೆಯಾಗಿ ಪರಿವರ್ತಿಸುತ್ತದೆ. ಸಂಕೋಚನ ಮಿತಿಮೀರಿದಾಗ ಆ ಚೌಕಗಳ ಗಡಿಗಳು ಹಾಸುಗಲ್ಲಿನ ಸಂದುಗಳಂತೆ ಎದ್ದು ಕಾಣುತ್ತವೆ. ಚೌಕಗಳಿಲ್ಲದೆ ಇಡೀ ಚಿತ್ರವನ್ನು ಒಟ್ಟಾಗಿ ಬಿಡಿಸುವ ಪರ್ಯಾಯವಾಗಿ ವೇವ್‌ಲೆಟ್ ಬಂತು.

ವೇವ್‌ಲೆಟ್

ವೇವ್‌ಲೆಟ್ ಎಂದರೆ ಕಿರುಅಲೆ: ಸ್ವಲ್ಪ ಜಾಗದಲ್ಲಿ ಎದ್ದು, ಬಿದ್ದು, ಅಲ್ಲೇ ಅಡಗುವ ಅಲೆ. ಫೂರಿಯೆ ವಿಶ್ಲೇಷಣೆಯ ಸೈನ್ ಅಲೆಗೆ ಆದಿ ಅಂತ್ಯಗಳಿಲ್ಲ. ಆದ್ದರಿಂದ ಒಂದು ಹಠಾತ್ ಬದಲಾವಣೆ ಎಲ್ಲಿ ನಡೆಯಿತೆಂದು ಅದು ತೋರಿಸಲಾರದು. ಕಿರುಅಲೆ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ಹೇಳುತ್ತದೆ. ಇದರ ಅತಿ ಸರಳ ರೂಪವನ್ನು ಹಂಗೇರಿಯ ಗಣಿತಜ್ಞ ಆಲ್ಫ್ರೆಡ್ ಹಾರ್ 1909ರ ತನ್ನ ಪ್ರೌಢಪ್ರಬಂಧದಲ್ಲಿ ಕೊಟ್ಟಿದ್ದ. 100 ಮತ್ತು 104 ಎಂಬ ಎರಡು ಪಿಕ್ಸೆಲ್‌ಗಳ ಬದಲು ಅವುಗಳ ಸರಾಸರಿ 102 ಮತ್ತು ವ್ಯತ್ಯಾಸ 4 ಅನ್ನು ಇಟ್ಟುಕೊಳ್ಳುವುದು ಹಾರ್ ಪರಿವರ್ತನೆಯ ತಿರುಳು. ಸರಾಸರಿಗಳ ಮೇಲೆ ಅದೇ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಿದರೆ ಚಿತ್ರ ಒರಟಿನಿಂದ ನಯದವರೆಗೆ ಹಲವು ಹಂತಗಳಾಗಿ ಬಿಚ್ಚಿಕೊಳ್ಳುತ್ತದೆ.

ಹಾರ್‌ನ ವಿಚಾರ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತದ ಒಂದು ಮೂಲೆಯಲ್ಲಿತ್ತು. ಅದನ್ನು ಹೊಸದಾಗಿ ಹುಟ್ಟಿಸಿದ್ದು ಎಣ್ಣೆಯ ಹುಡುಕಾಟ. ನೆಲದೊಳಕ್ಕೆ ಕಳಿಸಿದ ಕಂಪನಗಳ ಮರುದನಿಯನ್ನು ಓದುತ್ತಿದ್ದ ಫ್ರಾನ್ಸಿನ ಭೂಭೌತ ತಜ್ಞ ಜಾನ್ ಮಾರ್ಲೆ, ಭೌತವಿಜ್ಞಾನಿ ಅಲೆಕ್ಸ್ ಗ್ರಾಸ್‌ಮನ್ ಅವರೊಡನೆ 1984ರಲ್ಲಿ ವೇವ್‌ಲೆಟ್ ಸಿದ್ಧಾಂತದ ಅಡಿಗಲ್ಲಿಟ್ಟರು. ಈವ್ ಮೆಯೆರ್ ಅದನ್ನು ಶುದ್ಧ ಗಣಿತಕ್ಕೆ ತಂದರು. 2017ರ ಆಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಇಂಗ್ರಿಡ್ ಡೊಬೆಶಿ 1988ರಲ್ಲಿ ಕಂಪ್ಯೂಟರಿನಲ್ಲಿ ಸಲೀಸಾಗಿ ಬಳಸಬಹುದಾದ, ಸೀಮಿತ ಉದ್ದದ ನುಣುಪು ವೇವ್‌ಲೆಟ್‌ಗಳನ್ನು ಕಟ್ಟಿದರು. ಸ್ಟೆಫಾನ್ ಮಲ್ಲಾ 1989ರಲ್ಲಿ ಇವೆಲ್ಲವನ್ನೂ ಎಂಜಿನಿಯರರ ಫಿಲ್ಟರುಗಳೊಡನೆ ಬೆಸೆದು ವೇಗದ ಲೆಕ್ಕವಿಧಾನ ಕೊಟ್ಟರು. ಕೋಹೆನ್, ಡೊಬೆಶಿ, ಫೊವೋ ಮೂವರು 1992ರಲ್ಲಿ ಪ್ರಕಟಿಸಿದ ಕುಟುಂಬದ 9/7 ಫಿಲ್ಟರ್ ಇಂದಿಗೂ ವೇವ್‌ಲೆಟ್ ಚಿತ್ರ ಸಂಕೋಚನದ ದುಡಿಯುವ ಕುದುರೆ.

ಫಲ ಬೇಗ ಬಂತು. ಅಮೆರಿಕದ ಎಫ್‌ಬಿಐ ಬೆರಳಚ್ಚುಗಳಿಗಾಗಿ 1993ರಲ್ಲಿ ಒಪ್ಪಿದ ಮಾನಕ ವೇವ್‌ಲೆಟ್ ಆಧಾರಿತವಾಗಿತ್ತು. ಇಂಚಿಗೆ 500 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 10 ಮೆಗಾಬೈಟ್ ಹಿಡಿಯುತ್ತಿದ್ದ ಒಂದು ಕಾರ್ಡನ್ನು ಅದು ಸುಮಾರು 15ನೆಯ ಒಂದು ಭಾಗಕ್ಕೆ ಇಳಿಸಿತು. ಅದೇ ವರ್ಷ ಜೆರೋಮ್ ಶಪಿರೊ ಸೊನ್ನೆಮರ ಎಂಬ ಬರವಣಿಗೆಯ ಕ್ರಮವನ್ನು ತೋರಿಸಿದರು. ಒರಟು ಹಂತದ ಗುಣಾಂಕ ಸೊನ್ನೆಯಾದರೆ ಅದೇ ಜಾಗದ ನಯ ಹಂತಗಳೂ ಬಹುಶಃ ಸೊನ್ನೆಯೇ ಆಗಿರುತ್ತವೆ, ಆದ್ದರಿಂದ ಇಡೀ ಮರವನ್ನು ಒಂದೇ ಗುರುತಿನಲ್ಲಿ ಬರೆದು ಮುಗಿಸಬಹುದು ಎಂಬುದು ಅದರ ಹಿಂದಿನ ಯೋಚನೆ. 1996ರಲ್ಲಿ ಅಮೀರ್ ಸಯಿದ್, ವಿಲಿಯಂ ಪರ್ಲ್‌ಮನ್ ಇದನ್ನು ಇನ್ನಷ್ಟು ಹರಿತಗೊಳಿಸಿದರು. ಜೆಪೆಗ್ 2000 ಮಾನಕ 9/7 ಮತ್ತು 5/3 ಎಂಬ ಎರಡು ವೇವ್‌ಲೆಟ್‌ಗಳನ್ನು ಆರಿಸಿಕೊಂಡಿತು: ಮೊದಲನೆಯದು ನಷ್ಟವಿರುವ ಸಂಕೋಚನಕ್ಕೆ, ಎರಡನೆಯದು ನಷ್ಟವಿಲ್ಲದ ಸಂಕೋಚನಕ್ಕೆ. ಚಿತ್ರಮಂದಿರಗಳಿಗೆ ಬರುವ ಡಿಜಿಟಲ್ ಸಿನಿಮಾದ ಪ್ರತಿ ಫ್ರೇಮೂ ಈ ಮಾನಕದಲ್ಲೇ ಅಡಕವಾಗಿರುತ್ತದೆ. ಆಧಾರ್ ಪತ್ರದ ಸುರಕ್ಷಿತ ಕ್ಯೂಆರ್ ಕೋಡಿನೊಳಗಿರುವ ಪುಟ್ಟ ಭಾವಚಿತ್ರವೂ ಇದೇ ಬಗೆಯದು. ಮಂಗಳನ ಮೇಲೆ 2004ರಲ್ಲಿ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳು ಚಿತ್ರ ಕಳಿಸಿದ್ದು ಮತ್ತೊಂದು ವೇವ್‌ಲೆಟ್ ವಿಧಾನದಲ್ಲಿ.

ಓರೆ ಗೆರೆಯ ಮುಂದೆ ಸೋಲು

ವೇವ್‌ಲೆಟ್ ಮೂಲತಃ ಒಂದು ಆಯಾಮದ ಸಾಧನ. ಚಿತ್ರಕ್ಕೆ ಹಚ್ಚುವಾಗ ಮೊದಲು ಅಡ್ಡಸಾಲುಗಳ ಮೇಲೆ, ಆಮೇಲೆ ಕಂಬಸಾಲುಗಳ ಮೇಲೆ ಓಡಿಸಲಾಗುತ್ತದೆ. ಇದರಿಂದ ಪ್ರತಿ ಹಂತದಲ್ಲೂ ನಾಲ್ಕು ಕಾಲುಭಾಗಗಳು ಸಿಗುತ್ತವೆ. ಒಂದರಲ್ಲಿ ಚಿತ್ರದ ಕುಗ್ಗಿದ ಪ್ರತಿ, ಇನ್ನೊಂದರಲ್ಲಿ ನಿಂತ ಅಂಚುಗಳು, ಮತ್ತೊಂದರಲ್ಲಿ ಮಲಗಿದ ಅಂಚುಗಳು. ನಾಲ್ಕನೆಯದರಲ್ಲಿ ಕರ್ಣ ದಿಕ್ಕಿನ ವಿವರಗಳಿವೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಈ ಮಾತು ಅರ್ಧ ಮಾತ್ರ ನಿಜ. ಎರಡು ಕಿರುಅಲೆಗಳನ್ನು ಅಡ್ಡಲಾಗಿ ಉದ್ದಲಾಗಿ ಗುಣಿಸಿದಾಗ ಹುಟ್ಟುವ ಆಕೃತಿ ಚದುರಂಗದ ಹಾಸಿನಂತಿರುತ್ತದೆ. ಬಲಕ್ಕೆ ವಾಲಿದ ಗೆರೆಗೂ ಎಡಕ್ಕೆ ವಾಲಿದ ಗೆರೆಗೂ ಅದು ಒಂದೇ ರೀತಿ ಓಗೊಡುತ್ತದೆ. 45 ಡಿಗ್ರಿಯ ಎರಡು ವಿರುದ್ಧ ದಿಕ್ಕುಗಳನ್ನು ಬೇರ್ಪಡಿಸಲಾರದ ಸಾಧನಕ್ಕೆ 20 ಅಥವಾ 70 ಡಿಗ್ರಿಯ ಗೆರೆ ಹೇಗೆ ತಿಳಿದೀತು?

ಹೆಚ್ಚು ಆಳದ ಕೊರತೆ ಇನ್ನೊಂದಿದೆ. ವೇವ್‌ಲೆಟ್‌ನ ಆಕೃತಿ ಚೌಕ, ಚಿತ್ರದ ಅಂಚು ಉದ್ದನೆಯ ರೇಖೆ. ನಯ ಹಂತಕ್ಕೆ ಹೋದಂತೆಲ್ಲ ಚೌಕಗಳು ಚಿಕ್ಕದಾಗಿ, ಒಂದೇ ಅಂಚನ್ನು ಮುಚ್ಚಲು ಬೇಕಾದ ಚೌಕಗಳ ಸಂಖ್ಯೆ ಪ್ರತಿ ಹಂತಕ್ಕೂ ಇಮ್ಮಡಿಯಾಗುತ್ತದೆ. ಅತಿ ನಯ ಹಂತದಲ್ಲಿ ಒಂದು ಅಂಚಿಗೆ ಸುಮಾರು 256 ಚೌಕಗಳು ತಗಲುತ್ತವೆ ಎಂದುಕೊಂಡರೆ, ಅಂಚಿನಗುಂಟ ಮಲಗಿಸಿದ ಉದ್ದನೆಯ ಸೂಜಿಗಳಿಂದ ಅದೇ ಅಂಚನ್ನು ಸುಮಾರು 16ರಲ್ಲೇ ಮುಚ್ಚಬಹುದು. ಸೂಜಿಯ ಅಗಲ ಅದರ ಉದ್ದದ ವರ್ಗಕ್ಕೆ ಅನುಪಾತದಲ್ಲಿರಬೇಕು, ಅಷ್ಟೇ. ನುಣುಪಾಗಿ ಬಾಗುವ ಯಾವ ಅಂಚಾದರೂ ಸಣ್ಣ ತುಂಡಿನಲ್ಲಿ ನೇರವಾಗಿಯೇ ತೋರುತ್ತದೆ, ಮತ್ತು ಆ ನೇರದಿಂದ ಅಂಚು ಸರಿಯುವ ದೂರ ತುಂಡಿನ ಉದ್ದದ ವರ್ಗದಂತೆ ಬೆಳೆಯುತ್ತದೆ. ಈ ಅನುಪಾತ ಬಂದದ್ದು ಅಲ್ಲಿಂದ.

ಬಾರ್ಬರಾ ಎಂಬ ಹೆಸರಿನ ಪರೀಕ್ಷಾಚಿತ್ರ ಈ ಸೋಲನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅದರಲ್ಲಿನ ಮಹಿಳೆಯ ತಲೆವಸ್ತ್ರ ಮತ್ತು ಉಡುಪಿನ ತುಂಬ ಸಣ್ಣ ಪಟ್ಟೆಗಳಿವೆ. ಬಟ್ಟೆ ಮಡಿಚಿದ ಕಡೆಯೆಲ್ಲ ಪಟ್ಟೆಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಬಿಟ್‌ಗಳನ್ನು ಹಿಂಡುತ್ತ ಹೋದರೆ ಸಾಮಾನ್ಯ ವೇವ್‌ಲೆಟ್ ಮೊದಲು ಕಳೆದುಕೊಳ್ಳುವುದು ಈ ಓರೆ ಪಟ್ಟೆಗಳನ್ನು. ಅಂಚುಗಳ ಸುತ್ತ ನೀರಿನ ಉಂಗುರಗಳಂಥ ಕಲೆಗಳೂ ಏಳುತ್ತವೆ. ಸೀರೆಯ ನೆರಿಗೆ, ಹುಲಿಯ ಮೈಪಟ್ಟೆ, ಬೆರಳಚ್ಚಿನ ಸುರುಳಿ ಹೀಗೆ ದಿಕ್ಕೇ ಜೀವಾಳವಾದ ಯಾವ ಚಿತ್ರಕ್ಕೂ ಇದೇ ಪಾಡು.

ಮನುಷ್ಯನ ದೃಷ್ಟಿ ಹೀಗೆ ಕೆಲಸ ಮಾಡುವುದಿಲ್ಲ ಎಂಬುದೂ ಸಂಶೋಧಕರನ್ನು ದಿಕ್ಕಿನತ್ತ ತಿರುಗಿಸಿತು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮಿದುಳಿನ ದೃಷ್ಟಿಭಾಗದಲ್ಲಿ ಒಂದೊಂದು ನಿರ್ದಿಷ್ಟ ಓರೆಯ ಗೆರೆಗೆ ಮಾತ್ರ ಸ್ಪಂದಿಸುವ ಜೀವಕೋಶಗಳನ್ನು 1959ರಲ್ಲಿ ವರದಿ ಮಾಡಿದ್ದರು. ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1996ರಲ್ಲಿ ಬ್ರೂನೊ ಓಲ್ಸ್‌ಹೌಸೆನ್ ಮತ್ತು ಡೇವಿಡ್ ಫೀಲ್ಡ್, ಪ್ರಕೃತಿಯ ಚಿತ್ರಗಳನ್ನು ಆದಷ್ಟು ಕಡಿಮೆ ತುಣುಕುಗಳಿಂದ ಕಟ್ಟುವಂತೆ ಕಂಪ್ಯೂಟರಿಗೆ ಕಲಿಸಿದಾಗ ಅದು ತಾನಾಗಿಯೇ ನಾನಾ ದಿಕ್ಕಿಗೆ ವಾಲಿದ ಉದ್ದನೆಯ ತುಣುಕುಗಳನ್ನು ಆರಿಸಿಕೊಂಡಿತು.

ಗಣಿತದ ದಾರಿ: ರಿಡ್ಜ್‌ಲೆಟ್, ಕರ್ವ್‌ಲೆಟ್ ಮತ್ತು ಅವುಗಳ ಬಂಧುಗಳು

ಎಮ್ಯಾನುಯೆಲ್ ಕ್ಯಾಂಡೆಸ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ತಮ್ಮ ಪ್ರೌಢಪ್ರಬಂಧದಲ್ಲಿ ನೇರ ಗೆರೆಗಳಿಗಾಗಿ ರಿಡ್ಜ್‌ಲೆಟ್ ರೂಪಿಸಿದರು. ಮುಂದೆ ಗುರು ಡೇವಿಡ್ ಡೊನೊಹೊ ಅವರ ಜೊತೆಗೂಡಿ ಬಾಗಿದ ಗೆರೆಗಳಿಗಾಗಿ ಕರ್ವ್‌ಲೆಟ್ ಕಟ್ಟಿದರು. ಮೇಲೆ ಹೇಳಿದ ಸೂಜಿಗಳೇ ಕರ್ವ್‌ಲೆಟ್‌ಗಳು: ಪ್ರತಿ ಹಂತದಲ್ಲೂ ಹಲವು ದಿಕ್ಕು, ಪ್ರತಿ ದಿಕ್ಕಿನಲ್ಲೂ ಉದ್ದದ ವರ್ಗದಷ್ಟು ಅಗಲ. ಇವುಗಳ ಬಲ ಒಂದು ಪ್ರಮೇಯದಲ್ಲಿದೆ. ನುಣುಪಾದ ಮೇಲ್ಮೈಯಲ್ಲಿ ನುಣುಪಾಗಿ ಬಾಗುವ ಒಂದು ಅಂಚಿರುವ ಚಿತ್ರವನ್ನು ಅತಿ ದೊಡ್ಡ ಕೆಲವೇ ಗುಣಾಂಕಗಳಿಂದ ಕಟ್ಟಿದರೆ ಉಳಿಯುವ ವರ್ಗದೋಷ ಎಷ್ಟು ಎಂಬುದು ಪ್ರಶ್ನೆ. ಗುಣಾಂಕಗಳನ್ನು 100 ಪಟ್ಟು ಹೆಚ್ಚಿಸಿದರೆ ಫೂರಿಯೆ ವಿಧಾನದಲ್ಲಿ ದೋಷ 10 ಪಟ್ಟು ಇಳಿಯುತ್ತದೆ, ವೇವ್‌ಲೆಟ್‌ನಲ್ಲಿ 100 ಪಟ್ಟು. ಕರ್ವ್‌ಲೆಟ್‌ನಲ್ಲಿ ಇಳಿಕೆ, ಒಂದು ಸಣ್ಣ ಲಾಗರಿದಮ್ ಅಂಶವನ್ನು ಬಿಟ್ಟರೆ, 10,000 ಪಟ್ಟು. ಇಂಥ ಚಿತ್ರಗಳಿಗೆ ಇದಕ್ಕಿಂತ ವೇಗದ ಇಳಿಕೆಯನ್ನು ಬೇರೆ ಯಾವ ವಿಧಾನವೂ ಕೊಡಲಾರದು. ಚಿತ್ರದ ಬಗ್ಗೆ ಮೊದಲೇ ಏನನ್ನೂ ಅರಿಯದ, ಅಂಚನ್ನು ಹುಡುಕಲೂ ಹೋಗದ ಒಂದು ಸ್ಥಿರ ಪರಿವರ್ತನೆ ಅತ್ಯುತ್ತಮ ದರಕ್ಕೆ ಇಷ್ಟು ಹತ್ತಿರ ಬಂದದ್ದು ವಿಶ್ಲೇಷಣ ಗಣಿತದ ದೊಡ್ಡ ಸಾಧನೆ.

ಇಷ್ಟಾದರೂ ಸಂಕೋಚನದಲ್ಲಿ ಕರ್ವ್‌ಲೆಟ್ ನೆಲೆ ಕಾಣಲಿಲ್ಲ. ಕಾರಣ ಸರಳ: ಪರಿವರ್ತನೆಯ ನಂತರ ಪಿಕ್ಸೆಲ್‌ಗಳ ಸಂಖ್ಯೆಗಿಂತ ಗುಣಾಂಕಗಳ ಸಂಖ್ಯೆ ಹಲವು ಪಟ್ಟು ಹೆಚ್ಚಾಗಿರುತ್ತದೆ, ಸಾಮಾನ್ಯ ಅಳವಡಿಕೆಗಳಲ್ಲಿ ಸುಮಾರು ಏಳು ಪಟ್ಟಿನವರೆಗೂ ಹೋಗುತ್ತದೆ. ಗದ್ದಲ ತೆಗೆಯುವ ಕೆಲಸಕ್ಕೆ ಈ ಹೆಚ್ಚಳ ವರವಾಗುತ್ತದೆ. ಖಗೋಳ ಚಿತ್ರಗಳಲ್ಲೂ ಭೂಕಂಪನ ದತ್ತಾಂಶದಲ್ಲೂ ಕರ್ವ್‌ಲೆಟ್ ಹೆಸರು ಗಳಿಸಿದ್ದು ಅದಕ್ಕೇ. ಸಂಕೋಚಕನಿಗೆ ಅದೇ ಹೊರೆ. ದೋಷ ಇಳಿಯುವ ದರವೂ ಗುಣಾಂಕಗಳ ಸಂಖ್ಯೆ ತುಂಬ ದೊಡ್ಡದಾದಾಗಲಷ್ಟೇ ಪೂರ್ಣವಾಗಿ ಮೈದೋರುತ್ತದೆ. ದಿನಬಳಕೆಯ ಚಿತ್ರಗಳ ಗಾತ್ರದಲ್ಲಿ ಅದು ಹಾಗೆ ಕಾಣಿಸಿಕೊಳ್ಳುವುದಿಲ್ಲ.

ಹೆಚ್ಚಳವನ್ನು ತಗ್ಗಿಸುವ ಯತ್ನಗಳು ಸಾಲುಸಾಲಾಗಿ ಬಂದವು. ಮಿನ್ ಡೊ ಮತ್ತು ಮಾರ್ಟಿನ್ ವೆಟರ್ಲಿ ರೂಪಿಸಿದ ಕಂಟೂರ್‌ಲೆಟ್ ಮೊದಲು ಪಿರಮಿಡ್ ಕ್ರಮದಲ್ಲಿ ಚಿತ್ರವನ್ನು ಹಂತಗಳಾಗಿ ಒಡೆದು, ಪ್ರತಿ ಹಂತವನ್ನೂ ದಿಕ್ಕಿನ ಫಿಲ್ಟರುಗಳಿಂದ ಬೀಸಣಿಗೆಯ ಎಸಳುಗಳಂತೆ ಸೀಳುತ್ತದೆ. ಇದರಲ್ಲಿ ಹೆಚ್ಚಳ ಮೂರನೆಯ ಒಂದು ಭಾಗ ಮಾತ್ರ. ನಿಕ್ ಕಿಂಗ್ಸ್‌ಬರಿಯ ಜೋಡಿಮರ ಸಂಕೀರ್ಣ ವೇವ್‌ಲೆಟ್ ಆರು ದಿಕ್ಕುಗಳನ್ನು ಬೇರ್ಪಡಿಸುತ್ತದೆ, ಆದರೆ ಗುಣಾಂಕಗಳು ನಾಲ್ಕು ಪಟ್ಟಾಗುತ್ತವೆ. ಶಿಯರ್‌ಲೆಟ್ ಸೂಜಿಯನ್ನು ತಿರುಗಿಸುವ ಬದಲು ಓರೆಗೆ ಸರಿಸುತ್ತದೆ. ಪಿಕ್ಸೆಲ್‌ಗಳ ಚೌಕಜಾಲಕ್ಕೆ ತಿರುಗಿಸುವುದಕ್ಕಿಂತ ಸರಿಸುವುದು ಚೆನ್ನಾಗಿ ಹೊಂದುತ್ತದೆ. 2006ರ ಡೈರೆಕ್ಷನ್‌ಲೆಟ್ ಗುಣಾಂಕಗಳ ಸಂಖ್ಯೆಯನ್ನು ಸ್ವಲ್ಪವೂ ಹೆಚ್ಚಿಸದೆ, ಪೂರ್ಣಾಂಕಗಳ ಓರೆ ಜಾಲದ ಮೇಲೆ ಸಾಮಾನ್ಯ ಫಿಲ್ಟರುಗಳನ್ನೇ ಓಡಿಸುತ್ತದೆ.

ಎರ್ವಾನ್ ಲೆ ಪೆನ್ನೆಕ್ ಮತ್ತು ಮಲ್ಲಾ ಕೊಟ್ಟ ಬ್ಯಾಂಡ್‌ಲೆಟ್ ಇವುಗಳಿಂದ ಬೇರೆಯೇ ಹಾದಿ ಹಿಡಿಯಿತು. ಅದರಲ್ಲಿ ದಿಕ್ಕುಗಳು ಮೊದಲೇ ನಿಗದಿಯಾಗಿರುವುದಿಲ್ಲ. ಚಿತ್ರವನ್ನು ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಬೂದುಬಣ್ಣ ಯಾವ ಹರಿವಿನಗುಂಟ ಬಹುತೇಕ ಬದಲಾಗದೆ ಸಾಗುತ್ತದೆಂದು ಕಂಡುಹಿಡಿದು, ವೇವ್‌ಲೆಟ್ ಅನ್ನು ಆ ಹರಿವಿಗೆ ಬಗ್ಗಿಸಲಾಗುತ್ತದೆ. ಮಲ್ಲಾ ಮತ್ತು ಸಂಗಡಿಗರು 2001ರಲ್ಲಿ ಸ್ಥಾಪಿಸಿದ ಕಂಪನಿಯೊಂದು ಗುರುತುಚೀಟಿಯ ಭಾವಚಿತ್ರಗಳನ್ನು ಬಹಳ ಸಣ್ಣ ಗಾತ್ರಕ್ಕೆ ಇಳಿಸಲು ಇದನ್ನು ಬಳಸಿತು. ಚಿತ್ರವನ್ನು ನೋಡಿ ದಿಕ್ಕನ್ನು ಆರಿಸು, ಆರಿಸಿದ ದಿಕ್ಕನ್ನು ಬಿಟ್‌ಗಳಲ್ಲಿ ಬರೆದು ಜೊತೆಗೆ ಕಳಿಸು ಎಂಬ ಈ ನಿಲುವೇ ಎಂಜಿನಿಯರರ ದಾರಿಯದೂ ಆಗಿತ್ತು.

ದಿಶಾತ್ಮಕ ಲಿಫ್ಟಿಂಗ್

ವಿಮ್ ಸ್ವೆಲ್ಡನ್ಸ್ 1990ರ ದಶಕದ ನಡುವಿನಲ್ಲಿ ತೋರಿಸಿದ ಲಿಫ್ಟಿಂಗ್ ಎಂಬ ವಿಧಾನ ವೇವ್‌ಲೆಟ್ ಲೆಕ್ಕವನ್ನು ಅಚ್ಚರಿಯಾಗುವಷ್ಟು ಸರಳಗೊಳಿಸಿತು. ಸಂಖ್ಯೆಗಳ ಸಾಲನ್ನು ಸಮ ಮತ್ತು ಬೆಸ ಸ್ಥಾನಗಳಾಗಿ ವಿಂಗಡಿಸಬೇಕು. ಪ್ರತಿ ಬೆಸ ಸ್ಥಾನದ ಬೆಲೆಯನ್ನು ಅದರ ಎರಡು ಸಮ ನೆರೆಗಳಿಂದ ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಆ ಜಾಗದಲ್ಲಿ ಇಡಬೇಕು. ಬಳಿಕ ಆ ತಪ್ಪಿನ ಒಂದು ಅಂಶವನ್ನು ಸಮ ಸ್ಥಾನಗಳಿಗೆ ಕೂಡಿಸಿ ಸರಾಸರಿಯನ್ನು ಸರಿಪಡಿಸಬೇಕು. 5/3 ವೇವ್‌ಲೆಟ್‌ನಲ್ಲಿ ಊಹೆ ಎಂದರೆ ಎರಡು ನೆರೆಗಳ ಸರಾಸರಿ, ಸರಿಪಡಿಕೆ ಎಂದರೆ ಎರಡೂ ಬದಿಯ ತಪ್ಪುಗಳ ಕಾಲುಭಾಗ. ಬಿಚ್ಚುವವನು ಇದೇ ಹೆಜ್ಜೆಗಳನ್ನು ಹಿಂದುಮುಂದಾಗಿ ನಡೆದು, ಕೂಡಿಸಿದ್ದನ್ನು ಕಳೆದರೆ ಮೂಲ ಚಿತ್ರ ಚಾಚೂ ತಪ್ಪದೆ ಮರಳುತ್ತದೆ.

ಊಹೆ ಎಷ್ಟೇ ವಿಚಿತ್ರವಾಗಿದ್ದರೂ ಪರವಾಗಿಲ್ಲ, ಬಿಚ್ಚುವವನಿಗೆ ಅದೇ ಊಹೆ ಮಾಡಲು ಬಂದರೆ ಸಾಕು ಎಂಬುದು ಲಿಫ್ಟಿಂಗ್‌ನ ಅತಿ ಬೆಲೆಬಾಳುವ ಗುಣ. ಹಾಗಿದ್ದಮೇಲೆ ಊಹೆಗೆ ನೆಟ್ಟಗೆ ಮೇಲೆ ಕೆಳಗಿನ ಪಿಕ್ಸೆಲ್‌ಗಳನ್ನೇ ಏಕೆ ಹಿಡಿಯಬೇಕು? ಓರೆಯಲ್ಲಿರುವ ಪಿಕ್ಸೆಲ್‌ಗಳಿಂದಲೂ ಊಹಿಸಬಹುದು. ಮೂರು ಅಡ್ಡಸಾಲುಗಳ ಒಂದು ಉದಾಹರಣೆಯಿಂದ ಇದು ತಿಳಿಯಾಗುತ್ತದೆ.

20 20 20 90 90
20 20 90 90 90
20 90 90 90 90

ಇಲ್ಲಿ ಕಪ್ಪು ಭಾಗದ ಅಂಚು ಒಂದೊಂದು ಸಾಲಿಗೆ ಒಂದೊಂದು ಪಿಕ್ಸೆಲ್ ಎಡಕ್ಕೆ ಸರಿಯುತ್ತಿದೆ. ನಡುವಿನ ಸಾಲಿನ ಮೂರನೆಯ ಪಿಕ್ಸೆಲ್ 90. ಅದರ ನೇರ ಮೇಲೆ 20, ನೇರ ಕೆಳಗೆ 90. ಸರಾಸರಿ 55, ತಪ್ಪು 35. ಎರಡನೆಯ ಪಿಕ್ಸೆಲ್‌ಗೂ ಊಹೆ 55ಕ್ಕೆ ಬಂದು, ಮತ್ತೆ 35ರಷ್ಟೇ ತಪ್ಪು, ವಿರುದ್ಧ ಚಿಹ್ನೆಯೊಂದಿಗೆ. ಈಗ ಮೇಲಿನ ಸಾಲಿನಲ್ಲಿ ಒಂದು ಪಿಕ್ಸೆಲ್ ಬಲಕ್ಕೂ ಕೆಳಗಿನ ಸಾಲಿನಲ್ಲಿ ಒಂದು ಪಿಕ್ಸೆಲ್ ಎಡಕ್ಕೂ ಸರಿದು ನೋಡಿದರೆ, ಮೂರನೆಯ ಪಿಕ್ಸೆಲ್‌ಗೆ 90 ಮತ್ತು 90, ಎರಡನೆಯದಕ್ಕೆ 20 ಮತ್ತು 20 ಸಿಗುತ್ತವೆ. ತಪ್ಪು ಎರಡೂ ಕಡೆ ಸೊನ್ನೆ. ಗುಣಾಂಕಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ; ದೊಡ್ಡ ಬೆಲೆಗಳು ಮಾಯವಾದವು.

ಚಿತ್ರದ ಅಂಚು ಹೀಗೆ ಸರಿಯಾಗಿ ಪಿಕ್ಸೆಲ್‌ಗಳ ಮೇಲೆಯೇ ಹಾದುಹೋಗುವುದು ಅಪರೂಪ. ಆದ್ದರಿಂದ ಪಿಕ್ಸೆಲ್‌ನ ಅರ್ಧ, ಕಾಲು ಭಾಗದಷ್ಟು ಸರಿದ ಬೆಲೆಗಳನ್ನು ಸುತ್ತಲಿನ ಪಿಕ್ಸೆಲ್‌ಗಳಿಂದ ಲೆಕ್ಕಹಾಕಿ ಊಹೆಗೆ ಬಳಸಲಾಗುತ್ತದೆ. ಚಿತ್ರವನ್ನು ದೊಡ್ಡ ಚೌಕ, ಅದರೊಳಗೆ ಬೇಕೆಂದಲ್ಲಿ ನಾಲ್ಕು ಚಿಕ್ಕ ಚೌಕ ಎಂಬಂತೆ ಒಡೆದು ಪ್ರತಿ ಚೌಕಕ್ಕೂ ಒಂದು ದಿಕ್ಕನ್ನು ಆರಿಸಲಾಗುತ್ತದೆ. ಆಯ್ಕೆಯಲ್ಲಿ ತೂಗುವುದು ಎರಡನ್ನು: ಒಂದು ದಿಕ್ಕು ಹಿಡಿದರೆ ಊಹೆಯ ತಪ್ಪು ಎಷ್ಟು ಇಳಿಯುತ್ತದೆ, ಆ ದಿಕ್ಕನ್ನು ಬರೆದು ಕಳಿಸಲು ಎಷ್ಟು ಬಿಟ್ ಬೇಕು. ಆಕಾಶದಂಥ ಸಮತಟ್ಟು ಜಾಗದಲ್ಲಿ ಯಾವ ದಿಕ್ಕಾದರೂ ಒಂದೇ, ಅಲ್ಲಿ ಒಂದು ದೊಡ್ಡ ಚೌಕ ಸಾಕು. ಬಟ್ಟೆಯ ಮಡಿಕೆಯಲ್ಲಿ ಚೌಕಗಳು ಸಣ್ಣದಾಗುತ್ತವೆ.

ದಿಕ್ಕಿಗೆ ಹೊಂದಿಕೊಳ್ಳುವ ಸಂಕೋಚನದ ಯೋಚನೆಯನ್ನು ಡೇವಿಡ್ ಟಾಬ್ಮನ್ ಮತ್ತು ಅವಿದೆ ಝಾಖೋರ್ 1994ರಲ್ಲೇ ಮುಂದಿಟ್ಟಿದ್ದರು. ಈ ಟಾಬ್ಮನ್ ಮುಂದೆ ಜೆಪೆಗ್ 2000ದ ಬಿಟ್ ಬರವಣಿಗೆಯ ಕ್ರಮವನ್ನು ರೂಪಿಸಿದವರು. ಲಿಫ್ಟಿಂಗ್‌ನೊಳಗೆ ದಿಕ್ಕನ್ನು ಪೂರ್ತಿಯಾಗಿ ನೇಯ್ದದ್ದು 2007ರ ಎರಡು ಪ್ರಬಂಧಗಳು. ಒಂದು ವೆನ್‌ಪೆಂಗ್ ಡಿಂಗ್, ಫೆಂಗ್ ವು, ಶಿಯಾವೊಲಿನ್ ವು, ಶಿಪೆಂಗ್ ಲಿ, ಹೌಚಿಯಾಂಗ್ ಲಿ ಅವರದು. ಮತ್ತೊಂದು ಸ್ಟ್ಯಾನ್‌ಫರ್ಡ್‌ನ ಚುವೊ-ಲಿಂಗ್ ಚಾಂಗ್ ಮತ್ತು ಬರ್ಂಡ್ ಗಿರೋಡ್ ಅವರದು. ದಿಕ್ಕಿನ ವಿವರ ಸಮೃದ್ಧವಾಗಿರುವ ಚಿತ್ರಗಳಲ್ಲಿ ಮೊದಲನೆಯದು ಜೆಪೆಗ್ 2000ಕ್ಕಿಂತ 2 ಡೆಸಿಬಲ್‌ವರೆಗೆ, ಎರಡನೆಯದು ಸಾಮಾನ್ಯ ವೇವ್‌ಲೆಟ್‌ಗಿಂತ 2.5 ಡೆಸಿಬಲ್‌ವರೆಗೆ ಲಾಭ ವರದಿ ಮಾಡಿದವು. ಬಿಟ್‌ಗಳು ಅಷ್ಟೇ ಇದ್ದು 2 ಡೆಸಿಬಲ್ ಲಾಭವಾದರೆ ವರ್ಗದೋಷ ಮೂರನೆಯ ಒಂದಕ್ಕಿಂತ ಹೆಚ್ಚು ತಗ್ಗಿತೆಂದು ಅರ್ಥ. ಸಂಕೋಚನದ ಲೋಕದಲ್ಲಿ ಕಾಲು ಡೆಸಿಬಲ್‌ಗೂ ಹೋರಾಟ ನಡೆಯುವುದುಂಟು. ಆ ಲೆಕ್ಕದಲ್ಲಿ ಇದು ಸಣ್ಣ ಗೆಲುವಲ್ಲ. ಕಣ್ಣಿಗೆ ಕಾಣುವ ಲಾಭ ಅಂಕಿಗಿಂತಲೂ ಹೆಚ್ಚು, ಏಕೆಂದರೆ ಕಣ್ಣು ಮೊದಲು ಹುಡುಕುವುದೇ ಅಂಚಿನ ಚೊಕ್ಕತನವನ್ನು.

ಇತಿಮಿತಿಗಳು

ಲಾಭ ಎಲ್ಲ ಚಿತ್ರಕ್ಕೂ ಸಮನಾಗಿಲ್ಲ. ಮಂಜು ಮುಸುಕಿದ ಬೆಟ್ಟ, ಮರಳು, ಎಲೆಗಳ ಗೊಂಚಲು ಇಂಥವುಗಳಲ್ಲಿ ಒಂದು ಚೌಕಕ್ಕೆ ಒಂದು ದಿಕ್ಕೆಂಬುದೇ ಇರುವುದಿಲ್ಲ. ಅಲ್ಲಿ ದಿಕ್ಕಿನ ಮಾಹಿತಿಗೆ ತೆತ್ತ ಬಿಟ್‌ಗಳು ಲಾಭವನ್ನು ತಿಂದುಹಾಕುತ್ತವೆ. ಎರಡು ಅಂಚುಗಳು ಕೂಡುವ ಮೂಲೆಗಳಲ್ಲೂ ತೊಡಕು. ಕ್ವಾಂಟೈಸೇಷನ್‌ನಿಂದ ಬಂದ ದೋಷ ಮರುಜೋಡಣೆಯಲ್ಲಿ ಆರಿಸಿದ ದಿಕ್ಕಿನಗುಂಟ ಹರಡಿ, ಬಿಟ್‌ಗಳು ತೀರ ಕಡಿಮೆಯಾದಾಗ ಕುಂಚದಿಂದ ಎಳೆದಂಥ ಗೀಟುಗಳಾಗಿ ತೋರುತ್ತದೆ. ಸಂಕೋಚಿಸುವ ಯಂತ್ರ ಪ್ರತಿ ಚೌಕಕ್ಕೂ ಹಲವು ದಿಕ್ಕುಗಳನ್ನು ಪ್ರಯತ್ನಿಸಿ ನೋಡಬೇಕಾದ್ದರಿಂದ ಲೆಕ್ಕದ ಹೊರೆ ಸಾಮಾನ್ಯ ವೇವ್‌ಲೆಟ್‌ಗಿಂತ ಬಹಳ ಹೆಚ್ಚು. ಚಿಕ್ಕ ಗಾತ್ರದ ಪ್ರತಿಯನ್ನಷ್ಟೇ ಬಿಚ್ಚಿಕೊಳ್ಳಬಹುದಾದ ಜೆಪೆಗ್ 2000ದ ಅನುಕೂಲವೂ ಇಲ್ಲಿ ಸ್ವಲ್ಪ ಕುಂಠಿತವಾಗುತ್ತದೆ. ಒಂದು ಹಂತದ ದಿಕ್ಕು ಮುಂದಿನ ಹಂತದ ಕುಗ್ಗಿದ ಚಿತ್ರದ ಮೇಲೆ ತನ್ನ ಗುರುತನ್ನು ಬಿಟ್ಟಿರುತ್ತದೆ.

ಪ್ರಚಲಿತ ಚಿತ್ರ ಮಾನಕಗಳಲ್ಲಿ ದಿಶಾತ್ಮಕ ವೇವ್‌ಲೆಟ್ ಸ್ಥಾನ ಪಡೆಯದೆ ಉಳಿದದ್ದಕ್ಕೆ ಇವು ತಾಂತ್ರಿಕ ಕಾರಣಗಳು. ಜೆಪೆಗ್ 2000 ಕೂಡ ಜನಸಾಮಾನ್ಯರ ಕ್ಯಾಮೆರಾ, ಜಾಲತಾಣಗಳಲ್ಲಿ ಹಳೆಯ ಜೆಪೆಗ್ ಅನ್ನು ಕದಲಿಸಲಾಗಲಿಲ್ಲ. ಅದು ಸಿನಿಮಾ, ವೈದ್ಯಕೀಯ ಚಿತ್ರ, ದಾಖಲೆ ಸಂಗ್ರಹಗಳಂಥ ವಿಶೇಷ ಕ್ಷೇತ್ರಗಳಲ್ಲಿ ಬೇರೂರಿತು. ತಳಹದಿಯ ಮಾನಕವೇ ಬಳಕೆಯಲ್ಲಿ ಹಬ್ಬದಿರುವಾಗ ಅದರ ಸುಧಾರಿತ ರೂಪಕ್ಕೆ ದಾರಿ ಕಿರಿದಾಯಿತು.

ದಿಕ್ಕಿನ ವಿಚಾರ ಮುಂದೆ ಸಾಗಿದ ಕಡೆಗಳು

ಓರೆಯಲ್ಲಿರುವ ನೆರೆಯಿಂದ ಊಹಿಸಿ ತಪ್ಪನ್ನು ಮಾತ್ರ ಬರೆ ಎಂಬ ಯೋಚನೆ ವಿಡಿಯೊ ಮಾನಕಗಳಲ್ಲಿ ಬೇರೆ ಹೆಸರಿನಿಂದ ಗೆದ್ದಿತು. ಅಲ್ಲಿ ಒಂದೇ ಫ್ರೇಮಿನೊಳಗೆ, ಈಗಾಗಲೇ ಬಿಚ್ಚಿದ ನೆರೆಯ ಪಿಕ್ಸೆಲ್‌ಗಳನ್ನು ಒಂದು ದಿಕ್ಕಿನಲ್ಲಿ ಎಳೆದು ಮುಂದಿನ ಚೌಕವನ್ನು ಊಹಿಸಲಾಗುತ್ತದೆ. ಉಳಿದ ವ್ಯತ್ಯಾಸಕ್ಕೆ ಡಿಸಿಟಿ ಅಥವಾ ಅದರ ಬಂಧುವನ್ನು ಹಚ್ಚಲಾಗುತ್ತದೆ. 2003ರ ಎಚ್.264 ಮಾನಕದಲ್ಲಿ 4×4 ಚೌಕಕ್ಕೆ 8 ದಿಕ್ಕುಗಳಿದ್ದವು. 2013ರ ಎಚ್‌ಇವಿಸಿಯಲ್ಲಿ ಅವು 33 ಆದವು. 2020ರ ವಿವಿಸಿಯಲ್ಲಿ 65. ಐಫೋನ್ ಚಿತ್ರಗಳನ್ನು ಉಳಿಸುವ ಹೈಕ್ ಕಡತ ಎಚ್‌ಇವಿಸಿಯ ಫ್ರೇಮೇ ಆದ್ದರಿಂದ, ದಿಕ್ಕು ಹಿಡಿದು ಸಂಕೋಚಿಸಿದ ಚಿತ್ರಗಳು ಇಂದು ಕೋಟ್ಯಂತರ ಜನರ ಕಿಸೆಯಲ್ಲಿವೆ. ವೇವ್‌ಲೆಟ್‌ನ ಹೆಸರು ಅಲ್ಲಿಲ್ಲ. ಆದರೆ ಚಿತ್ರದ ಮಾಹಿತಿ ಅಂಚಿನಗುಂಟ ಹರಿಯುತ್ತದೆ, ಅದನ್ನು ಹಿಡಿಯಬೇಕಾದದ್ದೂ ಅಂಚಿನಗುಂಟವೇ ಎಂಬ ಮಾತು ಅಲ್ಲಿ ಸಾಬೀತಾಗಿದೆ.

ಲಿಫ್ಟಿಂಗ್‌ನ ಚೌಕಟ್ಟು ನರಜಾಲಗಳ ಕಾಲದಲ್ಲೂ ಉಳಿದುಕೊಂಡಿದೆ. ಊಹೆ ಮತ್ತು ಸರಿಪಡಿಕೆಯ ಹೆಜ್ಜೆಗಳಲ್ಲಿ ನಿಗದಿತ ಫಿಲ್ಟರುಗಳ ಬದಲು ತರಬೇತಿ ಪಡೆದ ನರಜಾಲವನ್ನು ಕೂರಿಸಿದರೆ, ಯಾವ ಜಾಗದಲ್ಲಿ ಯಾವ ದಿಕ್ಕಿನಿಂದ ಊಹಿಸಬೇಕೆಂಬುದನ್ನು ಜಾಲವೇ ಚಿತ್ರದಿಂದ ತಿಳಿದುಕೊಳ್ಳುತ್ತದೆ. ದಿಕ್ಕಿನ ಮಾಹಿತಿಯನ್ನು ಬೇರೆಯಾಗಿ ಕಳಿಸುವ ಖರ್ಚಿಲ್ಲ. ಊಹೆ ಎಷ್ಟೇ ಜಟಿಲವಾದರೂ ಲಿಫ್ಟಿಂಗ್ ಅನ್ನು ಹಿಂದಕ್ಕೆ ನಡೆಯಬಹುದಾದ್ದರಿಂದ ನಷ್ಟವಿಲ್ಲದ ಸಂಕೋಚನವೂ ಅದೇ ಯಂತ್ರದಲ್ಲಿ ಸಾಧ್ಯವಾಗುತ್ತದೆ. ಈ ಬಗೆಯ ಐವೇವ್ ಎಂಬ ವಿಧಾನವನ್ನು ರೂಪಿಸಿದ ತಂಡದಲ್ಲಿ, 2007ರಲ್ಲಿ ದಿಶಾತ್ಮಕ ಲಿಫ್ಟಿಂಗ್ ಪ್ರಬಂಧ ಬರೆದಿದ್ದ ಫೆಂಗ್ ವು ಕೂಡ ಇದ್ದಾರೆ.